'ಅವನು ಬರಲಿ, ಆಮೇಲೆ ನೋಡೋಣ'

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಇವರನ್ನು ಸುಧಾ ಎನ್ನೋಣ. ವಯಸ್ಸು 36, ಎರಡನೇ ಬಸುರು, ಏಳನೇ ತಿಂಗಳು. ಮೊದಲಿನಿಂದಲೂ ಅಸ್ತಮಾ ಇದೆ, ಬಸುರಾದ ಮೇಲೆ ಸಕ್ಕರೆ ಅಂಶವೂ ಏರಿದೆ. ದಿನವಿಡೀ ಜನ ಬಂದು ಹೋಗುವ ಕೌಂಟರಿನಲ್ಲಿ ಕೆಲಸ. ಆಪ್ತ ಸಲಹೆಗೆಂದು ನನ್ನ ಹತ್ತಿರ ಕಳಿಸಿದ ಡಾಕ್ಟರ ಚೀಟಿಯಲ್ಲಿ 'ಅತಿ ಆತಂಕ, ಫ್ಲೂ ಲಸಿಕೆ ಬೇಡವೆನ್ನುತ್ತಾರೆ' ಎಂದಿತ್ತು.

ಆತಂಕ ಸುಮ್ನೆ ಬಂದದ್ದಲ್ಲ. ಹಿಂದಿನ ತಿಂಗಳು ಜ್ವರ ಬಂದು ಮೂರು ದಿನ ಮನೆಯಲ್ಲೇ ಮಲಗಿದ್ದರು. ಯಾಕೆ ತೋರಿಸಲಿಲ್ಲ ಎಂದೆ. "ಮನೆಯವರು ಊರಲ್ಲಿರಲಿಲ್ಲ. ಅತ್ತೆ, ಅವನು ಬರಲಿ, ಆಮೇಲೆ ನೋಡೋಣ ಅಂದ್ರು. ರಜೆ ಹಾಕಿದ್ರೆ ಸಂಬಳ ಬೇರೆ ಕಟ್." ಇನ್‌ಹೇಲರ್? ಬಸುರು ಎಂದು ಗೊತ್ತಾದ ದಿನವೇ ಬಿಟ್ಟಿದ್ದರಂತೆ, ಮಗುವಿಗೆ ಏನಾದರೂ ಆದೀತು ಅಂತ.

ಹೊಟ್ಟೆ ಬೆಳೆದಂತೆ ಶ್ವಾಸಕೋಶ ಹಿಗ್ಗಲು ಜಾಗ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ದೇಹಕ್ಕೆ ಆಮ್ಲಜನಕ ಸುಮಾರು ಶೇ. 20ರಷ್ಟು ಜಾಸ್ತಿ ಬೇಕು. ಹಾಗಾಗಿ ಬೇರೆಯವರಿಗೆ ನೆಗಡಿ-ಜ್ವರವಾಗಿ ಹೋಗುವ ಫ್ಲೂ ವೈರಸ್, ಕೊನೆಯ ತಿಂಗಳುಗಳಲ್ಲಿ ಬಸುರಿಗೆ ನ್ಯುಮೋನಿಯಾ ತರಬಹುದು. ಅಸ್ತಮಾ, ಸಕ್ಕರೆ, ಬಿಪಿ, ಹೆಚ್ಚು ತೂಕ, 35 ದಾಟಿದ ವಯಸ್ಸು ಸೇರಿದರೆ ಅಪಾಯ ಇನ್ನೂ ಏರುತ್ತದೆ. 2009ರ ಎಚ್1ಎನ್1 (ಹಂದಿಜ್ವರ ಎನ್ನುವ ಫ್ಲೂ) ಸಮಯದಲ್ಲಿ ಅಮೆರಿಕದ ಜನರಲ್ಲಿ ಗರ್ಭಿಣಿಯರು ಸುಮಾರು ಶೇ. 1 ಇದ್ದರೂ, ಆ ಜ್ವರದಿಂದ ಸತ್ತವರಲ್ಲಿ ಸುಮಾರು ಶೇ. 5 ಇದ್ದರು. ಈ ಅಂಕಿಯನ್ನು ಸುಧಾಗೆ ಹೇಳಲಿಲ್ಲ. ಮೊದಲೇ ಹೆದರಿದವರ ಮುಂದೆ ಅಂಕಿ ಸುರಿದು ಏನು ಪ್ರಯೋಜನ?

ಸಕ್ಕರೆ, ಅಸ್ತಮಾ ಡಾಕ್ಟರ ಕಡತದಲ್ಲಿವೆ. ಆಸ್ಪತ್ರೆಗೆ ಹೊರಡಲು ಇನ್ನೊಬ್ಬರಿಗೆ ಕಾಯಬೇಕು ಅನ್ನುವುದು ಯಾವ ಕಡತದಲ್ಲೂ ಇಲ್ಲ. ನನ್ನ ಮಟ್ಟಿಗೆ ದೊಡ್ಡ ಅಪಾಯ ಅದೇ. ಒಸೆಲ್ಟಮಿವಿರ್‌ನಂಥ ಫ್ಲೂ ಔಷಧ ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತದೆ. ಮೂರು ದಿನ ಕಾದರೆ ಆ ಹೊತ್ತು ಕಳೆದಿರುತ್ತದೆ.

ಇನ್‌ಹೇಲರ್ ವಿಷಯ ಅವತ್ತೇ ಡಾಕ್ಟರಿಗೆ ಫೋನ್ ಮಾಡಿಸಿದೆ, ಮತ್ತೆ ಶುರುವಾಯಿತು. ಹತೋಟಿಯಲ್ಲಿಲ್ಲದ ಅಸ್ತಮಾವೇ ಮಗುವಿಗೆ ಹೆಚ್ಚು ಕೆಟ್ಟದ್ದು. ಲಸಿಕೆಗೆ ಒತ್ತಾಯ ಮಾಡಲಿಲ್ಲ. ಲಸಿಕೆಯಿಂದಲೇ ಫ್ಲೂ ಬರುತ್ತದೆ ಎಂಬುದು ಅವರ ಭಯ. ಗರ್ಭಿಣಿಯರಿಗೆ ಕೊಡುವ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ ಎಂದೆ. ಹುಟ್ಟುವ ಮಗುವಿಗೆ ಆರು ತಿಂಗಳು ತುಂಬುವವರೆಗೆ ಫ್ಲೂ ಲಸಿಕೆ ಕೊಡುವಂತಿಲ್ಲ, ಅಲ್ಲಿವರೆಗೆ ತಾಯಿಯಿಂದ ಬಂದ ರಕ್ಷಣೆಯೇ ಗತಿ ಎಂದೂ ಹೇಳಿದೆ. ಈ ಎರಡನೆಯದು ನಾಟಿತು. ಮುಂದಿನ ವಾರ ಹಾಕಿಸಿಕೊಂಡರು.

ಎರಡನೇ ಭೇಟಿಗೆ ಗಂಡ, ಅತ್ತೆ ಇಬ್ಬರನ್ನೂ ಕರೆಸಿದೆ. ಅತ್ತೆ ಕಟುವಾದವರೇನಲ್ಲ. ತಾನು ಕರೆದುಕೊಂಡು ಹೋಗಿ ಏನಾದರೂ ಹೆಚ್ಚುಕಡಿಮೆಯಾದರೆ ಮಗ ಬೈದಾನು ಅನ್ನುವ ಅಂಜಿಕೆ, ಅಷ್ಟೇ. "ಕೇಳೋದೇನೂ ಬೇಡ, ಹೊರಡಿ" ಎಂದು ಮಗನ ಬಾಯಿಂದಲೇ ಅಲ್ಲಿ ಹೇಳಿಸಿದೆ. ಒಂದು ಹಾಳೆಯಲ್ಲಿ ಬರೆದುಕೊಂಡೆವು: ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ಫೋನ್. ಉಸಿರಾಡಲು ಕಷ್ಟ, ಎದೆನೋವು, ಮಂಪರು, ಮಗುವಿನ ಮಿಸುಕಾಟ ಕಡಿಮೆ ಅನಿಸಿದರೆ ನೇರ ಆಸ್ಪತ್ರೆ, ರಾತ್ರಿಯಾದರೂ. ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ನುಂಗಬಾರದು. ದೊಡ್ಡ ಮಗುವನ್ನು ಯಾರ ಮನೆಯಲ್ಲಿ ಬಿಡಬೇಕು, ಗಾಡಿಗೆ ಯಾರಿಗೆ ಹೇಳಬೇಕು, ಹಣ ಎಲ್ಲಿರುತ್ತದೆ ಅನ್ನುವುದೂ ಅದರಲ್ಲಿದೆ. ಇವೇ ಜಾಸ್ತಿ ಹೊತ್ತು ಹಿಡಿದವು.

ಕೆಲಸದ ಕಡೆ ಅರ್ಧವೇ ಗೆದ್ದೆವು. ಡಾಕ್ಟರ ಪತ್ರ ನೋಡಿ ಕೌಂಟರಿನಿಂದ ಒಳಗಿನ ಕೆಲಸಕ್ಕೆ ಹಾಕಿದ್ದಾರೆ. ಜ್ವರದ ರಜೆಗೆ ಸಂಬಳ ಕೊಡಲು ಮಾತ್ರ ಒಪ್ಪಿಲ್ಲ. ಅದು ನನ್ನ ಕೋಣೆಯಲ್ಲಿ ಬಗೆಹರಿಯುವ ವಿಷಯವಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಗೆ ಒಪ್ಪಿಸಿದ್ದೇನೆ, ಅವರು ಪತ್ರ ವ್ಯವಹಾರ ನಡೆಸುತ್ತಿದ್ದಾರೆ.