ಕಾಳುಮೆಣಸು ಮತ್ತು ಜಾಗತೀಕರಣ

ಪ್ರಶ್ನೆ: ಜಾಗತೀಕರಣ 1991ರಲ್ಲಿ ಶುರುವಾಯಿತು ಅಂತಾರೆ. ಹಾಗಾದರೆ ಅದಕ್ಕೆ ಮುಂಚೆ ನಮ್ಮ ಕಾಳುಮೆಣಸಿನ ಬೆಲೆಗೆ ಹೊರದೇಶಗಳ ಕಾಟ ಇರಲಿಲ್ಲವೇ?
– ಓದುಗರು, ಬದಿಯಡ್ಕ

ಉತ್ತರ: ಇತ್ತು, ಅದೂ ಚೆನ್ನಾಗಿಯೇ ಇತ್ತು! 1991ರಲ್ಲಿ ಆದದ್ದು ನಮ್ಮ ದೇಶದ ಆರ್ಥಿಕ ನೀತಿಯ ಬದಲಾವಣೆ. ನಿಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಆ ಬಳ್ಳಿ ಇದೆಯಲ್ವಾ, ಅದರ ಕಾಳಿಗಾಗಿ ರೋಮನ್ನರ ಹಡಗುಗಳು 2000 ವರ್ಷಗಳ ಹಿಂದೆಯೇ ಮಳೆಗಾಲದ ಗಾಳಿ ಹಿಡಿದು ಮಲಬಾರಿಗೆ ಬರುತ್ತಿದ್ದವು. ಭಾರತದ ವ್ಯಾಪಾರಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹೋಗುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ ಬೇಸರದಿಂದ ಬರೆದಿಟ್ಟಿದ್ದಾನೆ.

ಆಮೇಲೆ ಅರಬರು ಬಂದರು. 1498ರಲ್ಲಿ ವಾಸ್ಕೋ ಡ ಗಾಮ ಕೋಝಿಕ್ಕೋಡಿಗೆ ಬಂದ. ಪೋರ್ಚುಗೀಸರಿಗೆ ಸುಮ್ನೆ ಕೊಂಡು ಮಾರುವುದು ಸಾಕಾಗಲಿಲ್ಲ. ತಮ್ಮ ಪರವಾನಗಿ ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕು ಸಮೇತ ಹಿಡಿದುಬಿಡುತ್ತಿದ್ದರು. ಉಳ್ಳಾಲದ ಅಬ್ಬಕ್ಕ ರಾಣಿ ಅವರ ವಿರುದ್ಧ ನಿಂತದ್ದರ ಹಿಂದೆ ಈ ಮೆಣಸಿನ ವ್ಯಾಪಾರವೂ ಇತ್ತು ಅನ್ನುವುದನ್ನು ನಾವು ಮರೆಯಬಾರದು.

ಈಗಿನ ಪೈಪೋಟಿ ವಿಯೆಟ್ನಾಂನದ್ದು. ಜಗತ್ತಿನಲ್ಲಿ ಅತಿ ಜಾಸ್ತಿ ಕಾಳುಮೆಣಸು ಬೆಳೆಯುವ ದೇಶ ಅದು. ವಿಯೆಟ್ನಾಂ ಇರುವ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆ ಭಾರತದ ಮುಕ್ತ ವ್ಯಾಪಾರ ಒಪ್ಪಂದ 2010ರಲ್ಲಿ ಜಾರಿಗೆ ಬಂತು, ಶ್ರೀಲಂಕಾ ಜೊತೆಗಿನದ್ದು 2000ದಿಂದಲೇ ಇದೆ. ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾ ದಾರಿಯಾಗಿ ನುಸುಳುತ್ತದೆ ಅಂತ ಬೆಳೆಗಾರರು ದೂರುತ್ತಲೇ ಬಂದರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ನಿಗದಿ ಮಾಡಿತು. ನನ್ನ ಪ್ರಕಾರ ಅದು ಸರಿಯಾದ ಹೆಜ್ಜೆ, ಆದರೆ ತಡವಾಗಿ ಬಂತು.