ಅಜ್ಜನ ಅಕ್ಕಿ ಗಿರಣಿ, ಅಪ್ಪನ ಕಾಫಿ ಹಲ್ಲರ್

ಗಡಿಯಲ್ಲಿ ಕೂತುಕೊಂಡು ಒಂದೇ ಗಿರಣಿಯನ್ನು ಮೂರು ತಲೆಮಾರು ಹೇಗೆ ನಡೆಸಿದಿರಿ ಎಂದು ಕೇಳಿದಿರಿ. ನಮ್ಮದು ಕೊಡಗಿನ ಕುಟ್ಟದ ಕಡೆ. ಸ್ವಲ್ಪ ಮುಂದೆ ಹೋದರೆ ತೋಲ್ಪೆಟ್ಟಿ, ಅದು ಕೇರಳದ ವಯನಾಡು. ನಮ್ಮ ತಕ್ಕಡಿಯ ಮುಂದೆ ಒಬ್ಬರು ಕೊಡವ ತಕ್ಕ್‌ನಲ್ಲಿ ದರ ಕೇಳಿದರೆ, ಹಿಂದೆ ನಿಂತವರು ಮಲಯಾಳದಲ್ಲಿ ಕೇಳುತ್ತಾರೆ. ಮೂಟೆ ಇಳಿಸುವವರು ತಮ್ಮಲ್ಲೇ ಯರವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಕನ್ನಡ ಇರುವುದು ನಮ್ಮ ಅಡುಗೆಮನೆಯಲ್ಲಿ, ಲೆಕ್ಕದ ಪುಸ್ತಕದಲ್ಲಿ.

ಅಜ್ಜ ಹಾಕಿದ್ದು ಅಕ್ಕಿ ಗಿರಣಿ. ಒಂದು ಡೀಸೆಲ್ ಇಂಜಿನ್, ಉದ್ದನೆಯ ಬೆಲ್ಟು, ಹೊಟ್ಟು ಬಿಡಿಸುವ ಒಂದು ಹಲ್ಲರ್, ಅಷ್ಟೆ. ಆಗ ಗದ್ದೆ ಅಂದರೆ ಭತ್ತವೇ. ಹುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದರೆ ಅಂಗಳದ ತುಂಬ ಗಾಡಿ. ಅಕ್ಕಿಯ ಜೊತೆಗೆ, ಆವಿಯಲ್ಲಿ ಬೇಯಿಸುವ ಉಂಡೆ ಕಡಂಬುಟ್ಟಿಗೆ ಅಕ್ಕಿ ತರಿಯೂ ಬೇಕು. ಕೆಲವು ಮನೆಯವರಿಗೆ ತರಿ ಸಣ್ಣಗಿರಬೇಕು, ಕೆಲವರಿಗೆ ಕೈಗೆ ಸಿಗುವಂತಿರಬೇಕು. ಯಾವ ಮನೆಗೆ ಎಂಥ ತರಿ ಎಂಬುದು ಅಜ್ಜನಿಗೆ ಬಾಯಿಪಾಠವಾಗಿತ್ತಂತೆ.

ಸುತ್ತಲೂ ಕಾಫಿ ತೋಟವೇ ಇದ್ದರೂ ಅಜ್ಜ ಕಾಫಿಗೆ ಕೈ ಹಾಕುವಂತಿರಲಿಲ್ಲ. 1942ರ ಕಾಫಿ ಕಾಯ್ದೆಯ ಕಾಲ ಅದು. ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದೆಲ್ಲ, ಎಲ್ಲರ ಕಾಫಿಯನ್ನೂ ಒಟ್ಟಿಗೆ ಸೇರಿಸಿ ಮಾರುವ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕು. ಸಿಪ್ಪೆ ಬಿಡಿಸುವುದಕ್ಕೂ ಪರವಾನಗಿ ಇರುವ ಕ್ಯೂರಿಂಗ್ ವರ್ಕ್ಸೇ, ಅಂದರೆ ಕಾಫಿ ಹದಮಾಡುವ ಕಾರ್ಖಾನೆಯೇ ಆಗಬೇಕು. ಬೆಳೆಗಾರರಿಗೆ ದುಡ್ಡು ಕಂತು ಕಂತಾಗಿ ಬರುತ್ತಿತ್ತು. 1992ರ ನಂತರ ಈ ಕಟ್ಟು ಸ್ವಲ್ಪ ಸ್ವಲ್ಪವೇ ಸಡಿಲವಾಗಿ, 1996ರಲ್ಲಿ ಪೂರ್ತಿ ಬಿಚ್ಚಿತು. ಅಷ್ಟರಲ್ಲಿ, 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಇಲ್ಲಿ ಕಾಫಿ ಬೆಲೆ ಏರಿತ್ತು. ಗದ್ದೆಗಳೋ ಒಂದೊಂದಾಗಿ ಪಾಳು ಬೀಳುತ್ತಿದ್ದವು, ಇಲ್ಲವೇ ಕೇರಳದಿಂದ ಬಂದವರಿಗೆ ಶುಂಠಿ ಬೆಳೆಯಲು ಗುತ್ತಿಗೆಗೆ ಹೋಗುತ್ತಿದ್ದವು. ಭತ್ತವೇ ಇಲ್ಲದ ಊರಿನಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ಏನು ಮಾಡುವುದು? ಅಪ್ಪ ಅದೇ ಷೆಡ್ಡಿನಲ್ಲಿ ಕಾಫಿ ಹಲ್ಲರ್ ಕೂರಿಸಿದರು. ಅಜ್ಜ ಎರಡು ದಿನ ಷೆಡ್ಡಿನ ಕಡೆ ಬರಲಿಲ್ಲ. ಮೂರನೆಯ ದಿನ ಬಂದು ಬೆಲ್ಟು ಬಿಗಿ ಸಾಲದು ಎಂದು ತಾವೇ ಸ್ಪ್ಯಾನರ್ ಹಿಡಿದರು.

ಇನ್ನು ನಿಮಗೆ ಓಟಿ ವಿಷಯ ಹೇಳಲೇಬೇಕು, ನಮ್ಮ ಕಸುಬು ನಿಂತಿರುವುದೇ ಅದರ ಮೇಲೆ. ಓಟಿ ಎಂದರೆ ಔಟ್‌ಟರ್ನ್. 50 ಕಿಲೋ ಒಣಗಿದ ಚೆರ್ರಿಯ, ಅಂದರೆ ಇಡೀ ಕಾಫಿ ಹಣ್ಣಿನ, ಸಿಪ್ಪೆ ಬಿಡಿಸಿದರೆ ಎಷ್ಟು ಕಿಲೋ ಬೀಜ ಸಿಗುತ್ತದೋ ಅದು. 26 ಕಿಲೋ ಬಂದರೆ ಓಟಿ 26. ದರ ಕಟ್ಟುವುದು ಚೀಲಕ್ಕಲ್ಲ, ಈ ಓಟಿಗೆ. ಪ್ರತಿ ಚೀಲದಿಂದ ಒಂದಿಷ್ಟು ತೆಗೆದು, ತೇವ ಶೇಕಡಾ 11ರ ಆಸುಪಾಸಿನಲ್ಲಿದೆಯೇ ನೋಡಿ, ಪುಟ್ಟ ಹಲ್ಲರಿನಲ್ಲಿ ಬಿಡಿಸಿ ತೂಗುತ್ತೇವೆ. ಒಂದು ಓಟಿ ಆಚೀಚೆಯಾದರೆ 100 ಚೀಲಕ್ಕೆ 100 ಕಿಲೋ ಬೀಜದ ದುಡ್ಡು ಆಚೀಚೆ. ವರ್ಷವಿಡೀ ತೋಟದಲ್ಲಿ ದುಡಿದವರು ಆ ಪುಟ್ಟ ಯಂತ್ರವನ್ನು ಹೇಗೆ ನೋಡುತ್ತಾ ನಿಲ್ಲುತ್ತಾರೆ ಎಂದು ನೀವು ಒಮ್ಮೆ ಬಂದು ನೋಡಬೇಕು.

ಬೆಲೆ ನೆಲ ಕಚ್ಚಿದ್ದ 2001–02ರಲ್ಲಿ ಅಪ್ಪ ಖರೀದಿ ನಿಲ್ಲಿಸಿ ಕೂಲಿಗೆ ಸಿಪ್ಪೆ ಬಿಡಿಸಿಕೊಟ್ಟೇ ಗಿರಣಿ ಉಳಿಸಿಕೊಂಡರು. ಒಬ್ಬ ವ್ಯಾಪಾರಿ ನಮ್ಮ ಬಾಕಿ ಕೊಡದೆ ಹೋದ. ಆ ನಷ್ಟ ತುಂಬಲು ಅಮ್ಮನ ಬಳೆ ಹೋಯಿತು. ಆ ಮಾತು ಅಷ್ಟಕ್ಕೇ ಇರಲಿ.

ನಾನು ಹೇಳಬೇಕೆಂದಿದ್ದು ಬೇರೆ. ನಾನು ಗಿರಣಿಗೆ ಬಂದ ಮೊದಲ ಸೀಸನ್‌ನಲ್ಲಿ ಎಲ್ಲರ ಓಟಿಯೂ ಕಡಿಮೆ ಬರುತ್ತಿತ್ತು. ಆ ವರ್ಷದ ಕಾಯಿಯೇ ಜೊಳ್ಳು ಎಂದುಕೊಂಡೆ. ಒಂದು ಸಂಜೆ ಅಮ್ಮ ಗಿಡಗಳ ಬುಡಕ್ಕೆಂದು ಸಿಪ್ಪೆ ಒಯ್ಯಲು ಬಂದು, ಒಂದು ಹಿಡಿ ಎತ್ತಿ ನೋಡಿ, "ಇದರಲ್ಲಿ ಬೀಜ ಇದೆಯಲ್ಲೇ ಮಗಳೇ" ಅಂದರು. ಪುಟ್ಟ ಹಲ್ಲರಿನ ಜಾಲರಿ ಸವೆದು ತೂತಾಗಿತ್ತು. ಒಡೆದ ಬೀಜವೆಲ್ಲ ಸಿಪ್ಪೆಯ ಜೊತೆ ಹೋಗುತ್ತಿತ್ತು. ಮೂರು ವಾರ ನಾನು ಬರೆದ ಚೀಟಿಗಳೆಲ್ಲ ತಪ್ಪು.

ಅಪ್ಪ ಬೈಯಲಿಲ್ಲ. ಹೊಸ ಜಾಲರಿ ಹಾಕಿಸಿ, ತೆಗೆದಿಟ್ಟಿದ್ದ ಮಾದರಿಗಳನ್ನು ಮತ್ತೆ ಬಿಡಿಸಿ, ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಸಿದರು. ಆಮೇಲೆ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು, ಕಡಿಮೆ ಕೊಟ್ಟಿದ್ದ ದುಡ್ಡು ಕೊಡಲು ಮನೆಮನೆಗೆ ಹೋದರು. ತೋಲ್ಪೆಟ್ಟಿಯ ಆಚೆ ಒಬ್ಬ ವಯಸ್ಸಾದ ಅಮ್ಮ ದುಡ್ಡು ತೆಗೆದುಕೊಳ್ಳಲು ಹೆದರಿದರು, ಇದು ಯಾವ ಲೆಕ್ಕದ್ದು ಎಂದು. ನನ್ನ ಅರೆಬರೆ ಮಲಯಾಳದಲ್ಲಿ ಜಾಲರಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಕಟ್ಟನ್ ಕಾಪಿ, ಅಂದರೆ ಹಾಲಿಲ್ಲದ ಕಾಫಿ, ಕೊಟ್ಟು ಕಳಿಸಿದರು. ಮುಂದಿನ ವರ್ಷ ಅವರ ಕಾಫಿಯ ಜೊತೆ ಅವರ ಇಬ್ಬರು ತಂಗಿಯರ ಕಾಫಿಯೂ ನಮ್ಮಲ್ಲಿಗೇ ಬಂತು.

ಈಗ ಗಿರಣಿ ನನ್ನದು ಮತ್ತು ತಮ್ಮನದು. ಒಂದು ಹುರಿಯುವ ಡ್ರಮ್ ಹಾಕಿದ್ದೇವೆ, ಚಿಕೋರಿ ಬೆರೆಸದ ಪುಡಿಯನ್ನೇ ಮಾರುತ್ತೇವೆ. ಸೀಸನ್‌ನಲ್ಲಿ ದಿನಾ ಬೆಳಿಗ್ಗೆ ಪುಟ್ಟ ಹಲ್ಲರ್ ಶುರು ಮಾಡುವ ಮೊದಲು, ಹಿಂದಿನ ದಿನದ ಸಿಪ್ಪೆಯನ್ನು ಅಮ್ಮ ಮೊರಕ್ಕೆ ಹಾಕಿ ಕೇರುತ್ತಾರೆ. ಬೀಜ ಏನೂ ಸಿಗಲಿಲ್ಲ ಎಂದರೆ ಮಾತ್ರ ನಾನು ಸ್ವಿಚ್ ಹಾಕುವುದು.