ನಕ್ಷೆಯ ಬಣ್ಣಕ್ಕೂ ಮತದ ಲೆಕ್ಕಕ್ಕೂ ತಾಳೆಯಾಗದಿದ್ದರೆ

ನೀವು ಬರೆದ ಶಿವಮೊಗ್ಗ ಜಿಲ್ಲೆಯ ಚುನಾವಣಾ ಫಲಿತಾಂಶದ ನಕ್ಷೆಯಲ್ಲಿ ಗೆದ್ದ ಪಕ್ಷದ ಒಂದೇ ಬಣ್ಣ ಆವರಿಸಿದ್ದರೂ ಒಟ್ಟು ಮತಗಳ ಅಂತರ ಚಿಕ್ಕದಾಗಿರಲು ಕಾರಣ ಬಹುಶಃ ಇದು: ನೀವು ಬಣ್ಣ ಬಳಿದಿರುವುದು ನೆಲಕ್ಕೆ, ಮತದಾರರಿಗಲ್ಲ. ಸಾಗರದ ಕಡೆ ಲಿಂಗನಮಕ್ಕಿ ಹಿನ್ನೀರು, ಶರಾವತಿ ಕಣಿವೆಯ ದಟ್ಟ ಕಾಡು ಕೂಡ ಗೆದ್ದವರ ಬಣ್ಣ ಹೊತ್ತು ನಿಂತಿವೆ. ಜನ ಕಿಕ್ಕಿರಿದ ಶಿವಮೊಗ್ಗ ನಗರವೋ ಬೆರಳ ತುದಿಯಷ್ಟು ಚುಕ್ಕೆ.

ಮೊದಲು ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ನಮೂನೆ 20 ಇಳಿಸಿಕೊಳ್ಳಿ. ಮತಗಟ್ಟೆವಾರು ಲೆಕ್ಕ ಅದರಲ್ಲಿದೆ. ಆಮೇಲೆ ಕ್ಷೇತ್ರಕ್ಕೊಂದು ವೃತ್ತ ಬರೆಯಿರಿ, ಗಾತ್ರ ಚಲಾವಣೆಯಾದ ಮತಗಳಿಗೆ ತಕ್ಕಂತೆ, ಬಣ್ಣದ ಗಾಢತೆ ಗೆಲುವಿನ ಅಂತರಕ್ಕೆ ತಕ್ಕಂತೆ. ಪಕ್ಕದಲ್ಲಿ ಮತಪ್ರಮಾಣವನ್ನು ನಮೂದಿಸಲೇಬೇಕು: ರಾಜ್ಯ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ 2018ರಲ್ಲೂ 2023ರಲ್ಲೂ ಪಡೆದದ್ದು ಸುಮಾರು ಶೇ. 36 ಮತ, ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಲೋಕಸಭೆಯ ನಕ್ಷೆಯಾದರೆ, ಉಡುಪಿ ಜಿಲ್ಲೆಯಲ್ಲಿದ್ದರೂ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಬೈಂದೂರನ್ನು ಸೇರಿಸಿಕೊಳ್ಳಿ.